ಕೆಮ್ಮಿಸದೆ ಬಿಟ್ಟ ಎದೆ

ಕೆಮ್ಮಿದರೆ ನನ್ನ ಎಡಪಕ್ಕೆಯಿಂದ ನಿಂಬೆಹಣ್ಣಿನಷ್ಟು ದಪ್ಪದ ಗುಬುಟೊಂದು ಹೊರಗೆ ಬರುತ್ತದೆ. ಉಸಿರು ಎಳೆದುಕೊಂಡರೆ ಒಳಗೆ ಹೋಗುತ್ತದೆ. ಸೀನಿದರೂ ಬರುತ್ತದೆ, ನಕ್ಕರೂ ಬರುತ್ತದೆ, ಸಿಟ್ಟಿನಲ್ಲಿ ಕೂಗಿದರಂತೂ ಕೇಳುವುದೇ ಬೇಡ. ನಾನು ಸಿಟ್ಟು ಮಾಡಿಕೊಳ್ಳದ ದಿನವೇ ಇಲ್ಲವಾದ್ದರಿಂದ ಅದಕ್ಕೂ ಬಿಡುವು ಇರಲಿಲ್ಲ.

ನಾನು ಶಾಲೆಯಲ್ಲಿ ಆಟದ ಟೀಚರು. ಮಕ್ಕಳು ಬೆನ್ನ ಹಿಂದೆ ಸೀಟಿ ಮಿಸ್ ಅನ್ನುತ್ತಾರೆ, ನನಗೆ ಗೊತ್ತಿದೆ, ಬೇಜಾರಿಲ್ಲ. ಮೈದಾನದ ಆ ತುದಿಯಲ್ಲಿ ಚೆಂಡಿನ ಹಿಂದೆ ಓಡುವ ಹುಡುಗಿ ಈ ತುದಿಯ ನನ್ನ ಸೀಟಿಗೆ ಗಕ್ಕನೆ ನಿಲ್ಲಬೇಕು. ಮದುವೆಗೆ ಮುಂಚಿನಿಂದ ಮಾಡಿಕೊಂಡು ಬಂದ ಕೆಲಸ ಅದು. ಆ ಕೆಲಸ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ, ಬರಬೇಕು ಅಂತಲೂ ಅನ್ನಿಸಿಲ್ಲ.

ಹೋದ ವರ್ಷ ಎಡ ಶ್ವಾಸಕೋಶದಲ್ಲಿ ಗೋಲಿಯಷ್ಟು ದೊಡ್ಡ ಗಂಟು ಕಾಣಿಸಿತು. ತೆಗೆದವರು ಮೆಡಿಕಲ್ ಕಾಲೇಜಿನ ಎದೆ ಆಪರೇಷನ್ನಿನ ದೊಡ್ಡ ಡಾಕ್ಟರು. ದೊಡ್ಡ ಡಾಕ್ಟರು ಅಂದರೆ ಆ ಆಸ್ಪತ್ರೆಯಲ್ಲಿ ಇವರೊಬ್ಬರೇ, ಮಿಕ್ಕವರೆಲ್ಲ ಬರೀ ಡಾಕ್ಟರು. ಹೆಂಗಸರ ಎದೆಯ ಕೆಳಗಿನ ಮಡಿಕೆಯೊಳಗೆ ಸಣ್ಣ ಗೀರು ಹಾಕಿ, ಅದರಲ್ಲೇ ಪಕ್ಕೆಲುಬು ಅಗಲಿಸಿ ಕೆಲಸ ಮುಗಿಸುವುದು ಅವರ ಹೆಚ್ಚುಗಾರಿಕೆ. ಗಾಯ ಮಾಯ್ದ ಮೇಲೆ ಗೀರು ಎಲ್ಲಿದೆ ಅಂತ ಹುಡುಕಬೇಕು. ಅದಕ್ಕೆ ‘ಸರ್ ಗೀರು’ ಅಂತಲೇ ಹೆಸರು ಬಿದ್ದಿತ್ತು. ನನ್ನ ಗಂಟು ಕೆಟ್ಟದ್ದಲ್ಲ ಅಂತ ಬಂತು. ನಾನೂ ನಮ್ಮ ಮನೆಯವರೂ ಆ ಮನುಷ್ಯನನ್ನು ತಲೆಯ ಮೇಲೆ ಕೂರಿಸಿಕೊಂಡು ಮೆರೆಸಿದೆವು.

ಮತ್ತೆ ಶಾಲೆಗೆ ಹೋದ ಮೇಲೆ ಓಟದ ಪಂದ್ಯಕ್ಕೆ ಮೊದಲ ಸೀಟಿ ಊದಿದೆ. ಪಕ್ಕೆಯಲ್ಲಿ ಏನೋ ಜಾರಿದಂತಾಯಿತು. ಬಟ್ಟೆಯ ಕೊಂಡಿ ಬಿಚ್ಚಿಕೊಂಡಿರಬೇಕು ಅಂತ ಕೈ ಇಟ್ಟರೆ ಬೆಚ್ಚಗೆ, ಮೆತ್ತಗೆ, ಬದುಕಿರುವ ಏನೋ ಒಂದು ಅಂಗೈಗೆ ತಾಗಿ ಒಳಗೆ ಹೋಯಿತು. ಮಕ್ಕಳು ಓಡಿ ಮುಗಿಸಿ ಯಾರು ಗೆದ್ದರು ಅಂತ ಕೇಳುತ್ತಿದ್ದರು. ನಾನು ನೋಡಿರಲೇ ಇಲ್ಲ.

ಮಾರನೆಯ ವಾರ ದೊಡ್ಡ ಡಾಕ್ಟರ ಮುಂದೆ ಹೋಗಿ ಕುಳಿತೆ. ಜೊತೆಗೆ ನಮ್ಮ ಮನೆಯವರಿದ್ದರು, ಪಕ್ಕದಲ್ಲಿ ಒಬ್ಬ ಚಿಕ್ಕ ಡಾಕ್ಟರು ನಿಂತಿದ್ದ. ದೊಡ್ಡವರು ಮೇಜಿನ ಆಚೆಯಿಂದ ಏಳಲಿಲ್ಲ.

“ಇಲ್ಲಿ ಏನೋ ಉಬ್ಬುತ್ತೆ ಡಾಕ್ಟ್ರೇ. ಸೀಟಿ ಊದಿದ್ರೆ ಬರುತ್ತೆ, ಬಿಟ್ರೆ ಹೋಗುತ್ತೆ.”

ಅವರು ಬಟ್ಟೆಯ ಮೇಲಿಂದಲೇ ಒಂದು ಸಲ ಕಣ್ಣು ಹಾಯಿಸಿ ನಕ್ಕರು. “ಕೊಬ್ಬು ಕಣಮ್ಮ, ಕೊಬ್ಬು. ವಯಸ್ಸಾಗ್ತಾ ಬಂತಲ್ಲ. ಮಕ್ಕಳನ್ನ ಓಡಿಸ್ತೀರಿ, ನೀವೂ ಸ್ವಲ್ಪ ಓಡಿ.”

ಚಿಕ್ಕ ಡಾಕ್ಟರೂ ನಕ್ಕ. ಅದು ಅವನ ಹೊಟ್ಟೆಪಾಡು, ನಗಲಿ. ನಮ್ಮ ಮನೆಯವರೂ ನಕ್ಕರು. ದಾರಿಯಲ್ಲಿ “ದೊಡ್ಡೋರು ಹೇಳಿದ ಮೇಲೆ ಮುಗೀತಲ್ಲ, ಸುಮ್ನೆ ತಲೆ ಕೆಡಿಸ್ಕೋಬೇಡ” ಅಂತ ಸಮಾಧಾನ ಬೇರೆ. ನಾನು ಮನೆ ತಲುಪುವವರೆಗೆ ತುಟಿ ಬಿಚ್ಚಲಿಲ್ಲ. ನನ್ನ ಗಂಡನಿಗೆ ನನ್ನ ಮೌನ ಅಂದರೆ ಏನು ಅಂತ ಗೊತ್ತಿರಬೇಕಿತ್ತು, ಆದರೆ ಅವರು ಆರಾಮಾಗಿ ಊಟ ಮಾಡಿ ಮಲಗಿದರು.

ಮುಂದೆ ಆದದ್ದನ್ನು ಚಿಕ್ಕದಾಗಿ ಹೇಳುತ್ತೇನೆ, ಉದ್ದ ಮಾಡಿದರೆ ನನಗೇ ಮೈ ಉರಿಯುತ್ತದೆ. ಗುಬುಟು ದೊಡ್ಡದಾಯಿತು. ನೋವು ಶುರುವಾಯಿತು. ಸೀಟಿ ಊದುವಾಗ ಒಂದು ಕೈಯಲ್ಲಿ ಪಕ್ಕೆ ಒತ್ತಿ ಹಿಡಿಯತೊಡಗಿದೆ. ಮಕ್ಕಳು ಅದನ್ನೂ ಅಣಕಿಸಿದರು. ಮುಖ್ಯೋಪಾಧ್ಯಾಯಿನಿ ಕರೆದು, ಪಾಪ ಒಳ್ಳೆಯ ಮಾತಿನಲ್ಲೇ, ನನ್ನನ್ನು ಮೈದಾನದಿಂದ ತೆಗೆದು ಆಟದ ಸಾಮಾನಿನ ಕೋಣೆಯಲ್ಲಿ ಕೂರಿಸಿದರು. ಗಾಳಿ ಹೋದ ಚೆಂಡುಗಳ ನಡುವೆ ನಾನೂ ಒಂದು. ಕಿಟಕಿಯ ಆಚೆ ಹೊಸ ಟೀಚರೊಬ್ಬಳು ನನ್ನ ಮಕ್ಕಳನ್ನು ಓಡಿಸುತ್ತಿದ್ದಳು. ಅವಳ ಸೀಟಿಗೆ ಒಂದು ಹುಡುಗಿಯೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ನೋಡಿ ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಕೊನೆಗೆ ಯಾರಿಗೂ ಹೇಳದೆ ಬೇರೆ ಕಡೆ ಸ್ಕ್ಯಾನ್ ಮಾಡಿಸಿದೆ. ಸ್ಕ್ಯಾನ್ ಮಾಡುವ ಡಾಕ್ಟರಮ್ಮ ಪಕ್ಕೆಯ ಮೇಲೆ ಕೈ ಇಟ್ಟು ಮಾಡಿದ ಮೊದಲ ಕೆಲಸವೇ “ಒಂದ್ಸಲ ಕೆಮ್ಮಿ ನೋಡೋಣ” ಅಂದದ್ದು. ಕೆಮ್ಮಿದೆ. ಅವರು ಕೈ ತೆಗೆಯಲಿಲ್ಲ.

“ಇದು ಕೊಬ್ಬು ಅಂತ ಯಾರಂದ್ರು? ಇದು ನಿಮ್ಮ ಶ್ವಾಸಕೋಶ ಅಕ್ಕ.”

ಆಪರೇಷನ್ನಿಗೆ ಅಗಲಿಸಿದ ಎರಡು ಪಕ್ಕೆಲುಬುಗಳನ್ನು ಮತ್ತೆ ಹತ್ತಿರ ತಂದು ದಾರದಲ್ಲಿ ಕಟ್ಟುತ್ತಾರಂತೆ. ನನ್ನಲ್ಲಿ ಆ ಕಟ್ಟು ಬಿಟ್ಟುಕೊಂಡಿತ್ತು. ಎದೆಯ ಮುಂಭಾಗದಲ್ಲಿ ಮಾಂಸಖಂಡದ ಹೊದಿಕೆ ಮೊದಲೇ ತೆಳು. ಒಳಗೆ ಒತ್ತಡ ಏರಿದಾಗ ಎಲುಬಿನ ಸಂದಿಯಿಂದ ಶ್ವಾಸಕೋಶ ಹೊರಗೆ ನುಗ್ಗುತ್ತಿತ್ತು. “ಹೊಟ್ಟೆಯಲ್ಲಿ ಹರ್ನಿಯಾ ಆಗುತ್ತಲ್ಲ, ಇದು ಎದೆಗೋಡೇದು” ಅಂದರು. “ಎಷ್ಟೇ ಚೆನ್ನಾಗಿ ಹೊಲಿದ್ರೂ ಅಪರೂಪಕ್ಕೆ ಆಗಬಹುದು, ಅದನ್ನ ತಪ್ಪು ಅನ್ನಲ್ಲ. ಆದ್ರೆ ಕೆಮ್ಮಿಸಿ ನೋಡಿದ್ರೆ ಆವತ್ತೇ ಗೊತ್ತಾಗ್ತಿತ್ತು. ಇನ್ನು ತಡ ಮಾಡಬೇಡಿ. ಸಂದಿಯಲ್ಲಿ ಸಿಕ್ಕಿಹಾಕ್ಕೊಂಡ್ರೆ ಅಪಾಯ. ಆಪರೇಷನ್ ಮಾಡಿಸಿ, ಒಳಗೆ ಬಲೆಯಂಥ ಬಟ್ಟೆ ಇಟ್ಟು ಮುಚ್ಚಿಸ್ಕೊಳ್ಳಿ.”

ಮನೆಗೆ ಬಂದು ಹೇಳಿದರೆ ನಮ್ಮ ಮನೆಯವರ ಮುಖ ಸಣ್ಣಗಾಯಿತು. “ನಾನು ನಗಬಾರದಿತ್ತು ಕಣೇ” ಅಂದರು. ಆ ಮಾತಿಗೆ ಅವರನ್ನು ಅರ್ಧ ಕ್ಷಮಿಸಿದೆ. ಉಳಿದರ್ಧ ಇಟ್ಟುಕೊಂಡೆ, ಸಂಸಾರದಲ್ಲಿ ಬೇಕಾಗುತ್ತದೆ. ಅವರು ಬೇರೆ ಡಾಕ್ಟರನ್ನು ಹುಡುಕಲು ಹೊರಟರು. ನಾನು ತಡೆದೆ.

“ಮೊದಲು ಆ ಮನುಷ್ಯನ ಬಾಯಲ್ಲಿ ಬರಲಿ. ‘ಇದು ಕೊಬ್ಬಲ್ಲ, ನಾನು ನೋಡಲಿಲ್ಲ’ ಅಂತ ಅವನೇ ಹೇಳಲಿ. ಅಲ್ಲೀವರೆಗೆ ಒಬ್ಬರೂ ನನ್ನ ಮೈಗೆ ಸೂಜಿ ಚುಚ್ಚಬಾರದು.”

“ಹುಚ್ಚಾ ನಿನಗೆ? ಹಟ ಮಾಡ್ತಾ ಪ್ರಾಣ ಕಳ್ಕೊಳ್ತೀಯಾ?”

“ಕಳ್ಕೊಂಡ್ರೆ ಅವನ ಮನೆ ಬಾಗಿಲಲ್ಲೇ ಇಟ್ಟು ಬನ್ನಿ.”

ಸಿಟ್ಟಿನ ಮಾತಲ್ಲ ಅದು. ತಣ್ಣಗೆ ಯೋಚಿಸಿ ಹೇಳಿದ್ದೆ. ಪಕ್ಕೆಯ ನೋವಿಗಿಂತ ಆ ನಗು ಜಾಸ್ತಿ ನೋಯುತ್ತಿತ್ತು. ಹೊಲಿಗೆ ಹಾಕಿಸಿಕೊಂಡುಬಿಟ್ಟರೆ ಗುಬುಟು ಹೋಗುತ್ತದೆ, ಆಮೇಲೆ ಆ ಡಾಕ್ಟರಿಗೆ ತೋರಿಸಲು ನನ್ನ ಹತ್ತಿರ ಏನು ಉಳಿಯುತ್ತದೆ?

ದೊಡ್ಡ ಡಾಕ್ಟರ ಬಾಗಿಲಿಗೆ ಮತ್ತೆ ಮತ್ತೆ ಹೋದೆ. ಅವರು ಒಳಗೆ ಬಿಟ್ಟುಕೊಳ್ಳಲಿಲ್ಲ. ಹೊರಗೆ ಕೂರುವ ಹುಡುಗಿ ಒಳಗೆ ಹೋಗಿ ಕೇಳಿಬಂದು, “ತೂಕ ಇಳಿಸ್ಕೊಂಡು ಬರಬೇಕಂತೆ” ಅಂದಳು. ಕಾರಿಡಾರಿನಲ್ಲಿ ನಿಂತು ಹಲ್ಲು ಕಡಿದೆ. ಸಿಟ್ಟು ಗಂಟಲಿಗೆ ಬಂದು ಕೆಮ್ಮಾಯಿತು. ಪಕ್ಕೆ ಹಿಡಿದುಕೊಂಡು ಬಗ್ಗಿದೆ.

“ಅಮ್ಮಾ! ಇನ್ನೊಂದ್ಸಲ ಕೆಮ್ಮಿ!”

ತಲೆ ಎತ್ತಿದರೆ ಖಾಕಿ ಅಂಗಿಯ ಮುದುಕ. ಸಂತೆಯಲ್ಲಿ ಒಳ್ಳೆಯ ಎಮ್ಮೆ ಕಂಡವನ ಹಾಗೆ ಕಣ್ಣರಳಿಸಿ ನನ್ನ ಪಕ್ಕೆ ನೋಡುತ್ತಿದ್ದ. ಬೇರೆ ಯಾರಾದರೂ ಆಗಿದ್ದರೆ ಕಪಾಳಕ್ಕೆ ಬಿಡುತ್ತಿದ್ದೆ. ಆದರೆ ಎದೆಯ ಆ ಜಾಗವನ್ನು ಇಷ್ಟು ಗೌರವದಿಂದ ಆ ಕಟ್ಟಡದಲ್ಲಿ ಯಾರೂ ನೋಡಿರಲಿಲ್ಲ.

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಕೇಸಣ್ಣ ಅಂತ. ಡಾಕ್ಟರಿಕೆ ಓದುವವರ ಪರೀಕ್ಷೆಗೆ ನಿಜವಾದ ರೋಗಿಗಳು ಬೇಕು. ಉಬ್ಬಿದ ಗಂಟಲು, ಊದಿದ ಕಾಲು, ಕೈಗೆ ಸಿಗುವ ಗಡ್ಡೆ, ಇಂಥವರನ್ನು ಹುಡುಕಿ ಒಪ್ಪಿಸಿ ಪರೀಕ್ಷೆಯ ದಿನ ಮಂಚದ ಮೇಲೆ ಮಲಗಿಸುವುದು ಅವನ ಕೆಲಸ. ವಿದ್ಯಾರ್ಥಿ ಬಂದು ಪರೀಕ್ಷಿಸಿ ಏನು ರೋಗ ಅಂತ ಪರೀಕ್ಷಕರಿಗೆ ಹೇಳಬೇಕು. ಹೀಗೆ ಮಲಗುವವರನ್ನು ‘ಕೇಸು’ ಅನ್ನುತ್ತಾರೆ.

“ನನ್ನ ಸರ್ವೀಸಲ್ಲೇ ಇಂಥ ಕೇಸು ನೋಡಿಲ್ಲಮ್ಮ. ಚಿನ್ನ ಇದು, ಅಪ್ಪಟ ಚಿನ್ನ. ಮುಂದಿನ ವಾರ ಪರೀಕ್ಷೆ. ಊಟ, ಬಸ್ಸಿನ ಖರ್ಚು ನಮ್ಮದೇ.”

“ಪರೀಕ್ಷೆ ಮಾಡೋರು ಯಾರು?”

“ಹೊರಗಿಂದ, ಬೇರೆ ಊರಿನ ಮೇಡಂ ಒಬ್ಬರು ಬರ್ತಾರೆ, ಅವರೂ ಎದೆ ಆಪರೇಷನ್ ಡಾಕ್ಟ್ರೇ. ಒಳಗಿನವರು ನಮ್ಮ ದೊಡ್ಡ ಡಾಕ್ಟ್ರೇ.”

ಎಷ್ಟು ಹೊತ್ತಿಗೆ ಬರಬೇಕು ಅಂತ ಮಾತ್ರ ಕೇಳಿದೆ.

ಪರೀಕ್ಷೆಯ ದಿನ ಕೇಸಣ್ಣ ನನಗೆ ಹಸಿರು ಗೌನು ತೊಡಿಸಿ ಸಾಲಿನ ಕೊನೆಯ ಮಂಚದಲ್ಲಿ ಮಲಗಿಸಿದ. ನಿಯಮ ಹೇಳಿಕೊಟ್ಟ. “ರೋಗದ ಹೆಸರು ನೀವು ಹೇಳಬಾರದು. ಕೇಳದೇ ಇದ್ದದ್ದನ್ನ ಹೇಳಬಾರದು. ಕೇಳಿದ್ದಕ್ಕೆ ಸುಳ್ಳು ಹೇಳಬಾರದು.” ನಿಯಮ ಪಾಲಿಸುವುದು ನನಗೆ ಯಾರೂ ಕಲಿಸಬೇಕಾಗಿಲ್ಲ. ಬೆಳಗ್ಗೆ ಕೇಸುಗಳನ್ನು ನೋಡಿ ಒಪ್ಪಿಕೊಂಡದ್ದು ಹೊರಗಿನ ಮೇಡಂ ಒಬ್ಬರೇ. ನನ್ನನ್ನು ಕೆಮ್ಮಿಸಿ, ಹುಬ್ಬು ಹಾರಿಸಿ, ಏನೂ ಮಾತಾಡದೆ ಮುಂದೆ ಹೋದರು. ದೊಡ್ಡ ಡಾಕ್ಟರು ಬಂದದ್ದೇ ತಡವಾಗಿ.

ನನಗೆ ಸಿಕ್ಕಿದ ವಿದ್ಯಾರ್ಥಿನಿಯ ಕೈ ಮಂಜುಗಡ್ಡೆಯಂತಿತ್ತು. ಸಣಕಲು ಹುಡುಗಿ, ನಿದ್ದೆಗೆಟ್ಟು ಕಣ್ಣು ಕೆಂಪಗಾಗಿತ್ತು. ಗೀರು ನೋಡಿದಳು, ಬೆರಳಿಂದ ಮೆಲ್ಲಗೆ ಒತ್ತಿದಳು, “ನೋವಾಗುತ್ತಾ ಆಂಟಿ?” ಅಂದಳು. ಕೆಮ್ಮಿ ಅನ್ನಲಿಲ್ಲ. ನಾನು ಕಾದೆ. ಅವಳು ಬೆನ್ನಿಗೆ ಸ್ಟೆತಸ್ಕೋಪು ಇಟ್ಟು ಆಲಿಸಿದಳು, ಉಗುರು ನೋಡಿದಳು, ನಾಲಿಗೆ ನೋಡಿದಳು. ನನಗೇ ತಡೆಯಲಾಗದೆ ಬೇಕಂತಲೇ ಜೋರಾಗಿ ಕೆಮ್ಮಿದೆ.

“ಅಯ್ಯೋ ಇರಿ ಆಂಟಿ, ನೀರು ತರ್ತೀನಿ” ಅಂತ ಓಡಿದಳು.

ಇನ್ನೂ ಏನು ಮಾಡಲಿ? ಹಣೆ ಚಚ್ಚಿಕೊಳ್ಳುವುದೊಂದು ಬಾಕಿ ಇತ್ತು. ಅವಳು ನೀರು ತರುವುದಕ್ಕೂ ದೊಡ್ಡ ಡಾಕ್ಟರು ಬರುವುದಕ್ಕೂ ಸರಿಹೋಯಿತು. ಜೊತೆಗೆ ಹೊರಗಿನ ಮೇಡಂ, ಹಿಂದೆ ಚಿಕ್ಕ ಡಾಕ್ಟರುಗಳ ಹಿಂಡು. ದೊಡ್ಡವರ ಕಣ್ಣು ನನ್ನ ಮುಖದ ಮೇಲೆ ಬಂತು, ಹೋಯಿತು. ಗುರುತು ಹತ್ತಲಿಲ್ಲ. ನಾನು ಒಂದು ವರ್ಷ ಹಗಲೂ ರಾತ್ರಿ ಯಾರ ಮುಖವನ್ನು ಕಣ್ಣಮುಂದೆ ಇಟ್ಟುಕೊಂಡು ಶಪಿಸಿದೆನೋ ಅವರಿಗೆ ನಾನು ಯಾರೂ ಅಲ್ಲ.

“ಹ್ಞೂಂ, ಏನಿದೆ?” ಅಂದರು.

“ಎಡ ಎದೆಯ ಆಪರೇಷನ್ ಆಗಿದೆ ಸರ್. ಗೀರಿನ ಹತ್ತಿರ ಮೆತ್ತಗಿನ ಉಬ್ಬು. ಕೊಬ್ಬಿನ ಗಡ್ಡೆ ಸರ್.”

ದೊಡ್ಡ ಡಾಕ್ಟರು ಮೇಡಂ ಕಡೆ ತಿರುಗಿ ನಕ್ಕರು. ಅದೇ ನಗು. “ಕೆಮ್ಮಿಸಿದ್ಯಾ?”

“ಇಲ್ಲ ಸರ್.”

“ಕೆಮ್ಮಿಸಲಿಲ್ಲ. ಎದೆ ಆಪರೇಷನ್ ಆದ ಪೇಷಂಟು ಉಬ್ಬು ಅಂತ ಬಂದ್ರೆ ಏನು ಮಾಡಬೇಕು ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ ಕ್ಲಾಸಲ್ಲಿ? ಕೈ ಇಡು, ಕೆಮ್ಮಿಸು! ಕೆಮ್ಮಿಸದೆ ಎದೆ ಬಿಡಬೇಡ!” ತಾವೇ ಬಗ್ಗಿ ಪಕ್ಕೆಯ ಮೇಲೆ ಅಂಗೈ ಇಟ್ಟರು. “ಕೆಮ್ಮಮ್ಮ.”

ಒಂದು ವರ್ಷದ ಮೇಲೆ ಆ ಕೈ ಅಲ್ಲಿಗೆ ಬಂದಿತ್ತು. ಇದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೆಮ್ಮಿದೆ. ಗುಬುಟು ಅವರ ಅಂಗೈಯೊಳಗೆ ಎದ್ದು ನಿಂತಿತು.

“ನೋಡಿ! ಇದು ಕೊಬ್ಬಾ? ಸಾಕ್ಷಾತ್ ಶ್ವಾಸಕೋಶ!” ಅವರಿಗೆ ಉತ್ಸಾಹ ಬಂದುಬಿಟ್ಟಿತು. ಹಿಂಡನ್ನು ಹತ್ತಿರ ಕರೆದು ಗೀರು ತೋರಿಸಿದರು. “ಈ ಗೀರು ನೋಡಿ, ಇದು ನನ್ನ ಗೀರು. ನನ್ನ ಶಿಷ್ಯರಲ್ಲೇ ಯಾರೋ ಹಾಕಿರೋದು. ತೆರೆಯೋದು ಕಲ್ತಿದ್ದಾನೆ, ಮುಚ್ಚೋದು ಕಲ್ತಿಲ್ಲ ಪುಣ್ಯಾತ್ಮ.”

“ಹೊಲಿಗೆ ಯಾರದ್ದಾದ್ರೂ ಬಿಡಬಹುದಲ್ಲ ಡಾಕ್ಟರೇ” ಅಂದರು ಮೇಡಂ.

“ಬಿಡಬಹುದು, ಅದನ್ನ ಒಪ್ತೀನಿ. ಆದ್ರೆ ಇದು ಇಷ್ಟು ದೊಡ್ಡದಾಗೋವರೆಗೆ ಈ ಹೆಂಗಸು ಯಾರಿಗಾದ್ರೂ ತೋರಿಸಿರ್ತಾಳೆ. ಅವನು ಕೈ ಇಟ್ಟು ಕೆಮ್ಮಿಸದೆ ಕೊಬ್ಬು ಅಂತ ಕಳಿಸಿರ್ತಾನೆ, ಈ ಹುಡುಗಿ ಹಾಗೇನೇ. ಅಂಥವನು ಕತ್ತಿ ಹಿಡಿಯೋಕೆ ನಾಲಾಯಕ್ಕು.” ಹುಡುಗಿಯ ಕಡೆ ತಿರುಗಿದರು. “ನೀನು ಮನೆಗೆ ಹೋಗಿ ಮುಂದಿನ ಸಲ ಬಾ.”

ಹುಡುಗಿಯ ಕೈಯಲ್ಲಿ ನೀರಿನ ಲೋಟ ಇನ್ನೂ ಇತ್ತು. ಅದನ್ನು ನನ್ನ ಮಂಚದ ಪಕ್ಕ ಇಟ್ಟು ಹಿಂದೆ ಸರಿದಳು. ಕೇಳದೇ ಇದ್ದದ್ದನ್ನು ಹೇಳಬಾರದು. ಆದರೆ ಮೇಡಮ್ಮನ ಕಣ್ಣಿಗೆ ಕಣ್ಣು ನೆಟ್ಟೆ. ನೀವಾದರೂ ಕೇಳಿ ತಾಯಿ ಅಂತ ಒಳಗೊಳಗೇ ಗೋಗರೆದೆ. ಅವರು ಹೊರಡಲು ತಿರುಗಿದವರು ನನ್ನ ಮುಖ ನೋಡಿ ನಿಂತರು.

“ನಿಮಗೆ ಆಪರೇಷನ್ ಮಾಡಿದ್ದು ಯಾರಮ್ಮ?”

“ಇವರೇ” ಅಂದೆ.

ಹಿಂಡಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ದೊಡ್ಡ ಡಾಕ್ಟರು ಈಗ ನನ್ನ ಮುಖ ನೋಡಿದರು, ಸರಿಯಾಗಿ ನೋಡಿದರು.

“ಉಬ್ಬು ಬಂದ ಮೇಲೆ ತೋರಿಸಿದ್ರಾ?” ಮೇಡಂ ಮತ್ತೆ ಕೇಳಿದರು.

“ಇವರಿಗೇ ತೋರಿಸಿದೆ. ಕೂತಲ್ಲಿಂದಲೇ ನೋಡಿ, ಕೊಬ್ಬು ಕಣಮ್ಮ, ನೀವೂ ಸ್ವಲ್ಪ ಓಡಿ ಅಂದ್ರು. ಆಮೇಲೆ ಬಾಗಿಲಿಗೆ ಬಂದ್ರೆ ತೂಕ ಇಳಿಸ್ಕೊಂಡು ಬಾ ಅಂತ ಹೇಳಿ ಕಳಿಸಿದ್ರು.”

ಇಲ್ಲ ಅನ್ನಲು ಅವರಿಗೆ ದಾರಿಯಿರಲಿಲ್ಲ. ಇದು ನನ್ನ ಗೀರು ಅಂತ ಅವರ ಬಾಯೇ ಸಾರಿತ್ತು. ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಕೈಗಡಿಯಾರ ನೋಡಿಕೊಂಡರು. ಆಮೇಲೆ, ಎಂಥಾ ಮನುಷ್ಯ ನೋಡಿ, ನಗು ತಂದುಕೊಂಡರು.

“ಇದು ತುಂಬ ಅಪರೂಪದ ಕೇಸು ಮೇಡಂ. ಯಾರಿಗಾದ್ರೂ ತಪ್ಪಿ ಹೋಗುತ್ತೆ. ಈ ಹುಡುಗೀದೂ ಅಂಥಾ ದೊಡ್ಡ ತಪ್ಪೇನಲ್ಲ. ಪಾಸ್ ಮಾಡೋಣ, ಪಾಪ.”

ಹುಡುಗಿಯ ಮುಖ ಅರಳಿತು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಅವಳನ್ನು ಮನ್ನಿಸುವ ನೆಪದಲ್ಲಿ ಆ ಮನುಷ್ಯ ತನ್ನನ್ನು ತಾನೇ ಮನ್ನಿಸಿಕೊಂಡು ಜಾರಿಕೊಳ್ಳುತ್ತಿದ್ದ.

“ಬೇಡ!” ಅಂದೆ. ಮೈದಾನದ ಗಂಟಲು ಅದು, ಸಾಲಿನ ಎಲ್ಲ ಮಂಚದವರೂ ತಿರುಗಿದರು. ಪಕ್ಕೆ ಉಬ್ಬಿ ನೋವು ಚಳಕ್ಕೆಂದಿತು. “ಅವಳ ತಪ್ಪು ಅಷ್ಟು ಬೇಗ ಸಣ್ಣದಾಗಿದ್ದು ಹೇಗೆ ಡಾಕ್ಟ್ರೇ? ಈಗ ತಾನೇ ನಾಲಾಯಕ್ಕು ಅಂದ್ರಲ್ಲ? ಇವಳನ್ನ ಹೀಗೆ ಪಾಸ್ ಮಾಡಿದ್ರೆ ನಾಳೆ ಇನ್ನೊಬ್ಬಳಿಗೆ ಕೊಬ್ಬು ಅಂತಾಳೆ. ನಿಮ್ಮನ್ನ ಯಾರೋ ಹೀಗೇ ಪಾಸ್ ಮಾಡಿರಬೇಕು.”

ಹುಡುಗಿ ನನ್ನನ್ನು ನುಂಗುವ ಹಾಗೆ ನೋಡಿದಳು. ನೋಡಲಿ. ನಾನು ಅವಳ ಅತ್ತಿಗೆಯೋ ಚಿಕ್ಕಮ್ಮನೋ ಅಲ್ಲ.

ದೊಡ್ಡ ಡಾಕ್ಟರು ಬಗ್ಗಿ, ನನಗೊಬ್ಬಳಿಗೇ ಕೇಳುವಂತೆ, “ನಾನೇ ಸರಿ ಮಾಡಿಕೊಡ್ತೀನಿ, ನಾಳೇನೇ. ಇಲ್ಲಿ ಸುಮ್ನಿರಮ್ಮ” ಅಂದರು.

“ಜೋರಾಗಿ ಹೇಳಿ” ಅಂದೆ. ಅವರು ನೆಟ್ಟಗಾದರು.

ಮೇಡಂ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. “ಕೇಸು ಹೇಳೋದು ಸರಿಯಾಗಿದೆ. ಪುಕ್ಕಟೆ ಮಾರ್ಕು ಬೇಡ. ಆದ್ರೆ ಪರೀಕ್ಷೆಯ ಹೊತ್ತು ಇನ್ನೂ ಮುಗಿದಿಲ್ಲ. ಬಾಮ್ಮ ಇಲ್ಲಿ, ಮೊದಲಿಂದ ಮಾಡು. ಕೇಳಬೇಕಾದ್ದನ್ನೆಲ್ಲ ಕೇಳು. ಆಮೇಲೆ ನಿಮ್ಮ ಸರ್‌ಗೆ ಒಪ್ಪಿಸು. ಅವರು ಸರಿಯೋ ತಪ್ಪೋ ಹೇಳ್ತಾರೆ.”

ಹುಡುಗಿ ಬಂದಳು. ಈ ಸಲ ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಪಕ್ಕೆಯ ಮೇಲೆ ಇಟ್ಟಳು. “ಕೆಮ್ಮಿ ಆಂಟಿ.” ಕೆಮ್ಮಿದೆ. ಅವಳ ಬೆರಳುಗಳು ಮೊದಲು ಬೆದರಿ, ಆಮೇಲೆ ಸಂದಿಯ ಅಂಚನ್ನು ಹುಡುಕಿಕೊಂಡವು. ಯಾವಾಗ ಶುರುವಾಯಿತು ಅಂತ ಕೇಳಿದಳು. ಏನು ಮಾಡುವಾಗ ಅಂದಳು. ಯಾರಿಗೆ ತೋರಿಸಿದಿರಿ, ಅವರು ಏನು ಮಾಡಿದರು, ಏನು ಮಾಡಲಿಲ್ಲ ಅಂತ ಕೇಳುವಾಗ ಅವಳ ದನಿ ಸಣ್ಣಗಾಯಿತು. ಆದರೆ ಕೇಳಿದಳು. ನಾನು ಮಾತಿಗೆ ಮಾತು ಉತ್ತರ ಕೊಟ್ಟೆ. ಒಂದು ವರ್ಷದಿಂದ ಯಾರಾದರೂ ಕೇಳಲಿ ಅಂತ ಬಾಯಲ್ಲಿಟ್ಟುಕೊಂಡಿದ್ದ ಉತ್ತರಗಳು ಅವು, ಹೇಳುತ್ತ ಹೇಳುತ್ತ ನನಗೆ ಅಳು ಬಂತು. ಒರೆಸಿಕೊಳ್ಳಲಿಲ್ಲ.

ಹುಡುಗಿ ಎದ್ದು ದೊಡ್ಡ ಡಾಕ್ಟರ ಎದುರು ನಿಂತಳು. ಬೆನ್ನ ಹಿಂದೆ ಕೈ ಕಟ್ಟಿಕೊಂಡಿದ್ದಳು, ಬೆರಳುಗಳು ಒಂದನ್ನೊಂದು ಹಿಂಡುತ್ತಿದ್ದವು.

“ಇವರು ಆಟದ ಟೀಚರು ಸರ್. ಎಡ ಶ್ವಾಸಕೋಶದ ಗಂಟು ತೆಗೆಯೋಕೆ ಆಪರೇಷನ್ ಆಗಿದೆ. ಮಾಡಿದ್ದು ನೀವು ಸರ್. ಮತ್ತೆ ಕೆಲಸಕ್ಕೆ ಹೋಗಿ ಮೊದಲ ಸೀಟಿ ಊದಿದಾಗ್ಲೇ ಉಬ್ಬು ಕಾಣಿಸ್ಕೊಂಡಿದೆ. ಕೆಮ್ಮಿದ್ರೆ ಬರುತ್ತೆ, ಉಸಿರು ಎಳ್ಕೊಂಡ್ರೆ ಹೋಗುತ್ತೆ. ಎರಡು ಪಕ್ಕೆಲುಬಿನ ಕಟ್ಟು ಬಿಟ್ಟು ಆ ಸಂದೀಲಿ ಶ್ವಾಸಕೋಶ ಹೊರಗೆ ಬರ್ತಾ ಇದೆ. ಎದೆಗೋಡೆಯ ಹರ್ನಿಯಾ ಸರ್. ಮೊದಲೇ ಗೊತ್ತಾಗಬೇಕಿತ್ತು. ಗೊತ್ತಾಗ್ಲಿಲ್ಲ, ಯಾಕಂದ್ರೆ…” ತಿರುಗಿ ನೋಡಿದಳು. ಮೇಡಂ ತಲೆಯಾಡಿಸಿದರು. “ಯಾಕಂದ್ರೆ ತೋರಿಸೋಕೆ ಬಂದಾಗ ನೀವು ಮುಟ್ಟಿ ನೋಡಲಿಲ್ಲ ಸರ್. ಕೆಮ್ಮಿಸಲಿಲ್ಲ. ಕೊಬ್ಬು ಅಂತ ಕಳಿಸಿದ್ರಿ. ಈಗ ನಾನೂ ಅದೇ ಮಾಡಿದೆ.”

ದೊಡ್ಡ ಡಾಕ್ಟರು ಕಿಟಕಿಯ ಕಡೆ ನೋಡಿದರು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

“ಹೇಳಿ ಡಾಕ್ಟರೇ” ಅಂದರು ಮೇಡಂ. “ಉತ್ತರ ಸರಿಯೋ ತಪ್ಪೋ? ನಾನು ಮಾರ್ಕು ಹಾಕಬೇಕು.”

ಅವರ ತುಟಿ ಅಲ್ಲಾಡಿತು.

“ನನಗೆ ಕೇಳಿಸಲಿಲ್ಲ” ಅಂದೆ.

“ಸರಿ” ಅಂದರು. ಆಮೇಲೆ, ಯಾರೂ ಕೇಳದೆಯೇ, ಸ್ವಲ್ಪ ಜೋರಾಗಿ, ನನ್ನ ಮುಖ ನೋಡಿ ಅಂದರು: “ಅವಳು ಹೇಳಿದ್ದೆಲ್ಲ ಸರಿ. ನಾನು ನೋಡಲಿಲ್ಲ.”

ಕೇಸಣ್ಣ ಗೋಡೆಗೆ ಒರಗಿ ನಿಂತಿದ್ದವನು ನೆಲ ನೋಡಿದ. ಚಿಕ್ಕ ಡಾಕ್ಟರುಗಳಲ್ಲಿ ಒಬ್ಬನೂ ನಗಲಿಲ್ಲ. ಗೆದ್ದೆ ಅಂತ ನನಗೆ ಕುಣಿಯಬೇಕು ಅನ್ನಿಸಿತು, ಅನ್ನಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಅವರಿಗೆ ಕುರ್ಚಿ ಕೊಡಿ ಅಂತ ಯಾರೋ ಅಂದರು. ನನಗೆ ಅಯ್ಯೋ ಅನ್ನಿಸಲಿಲ್ಲ.

ಗೌನನ್ನು ಸರಿಪಡಿಸಿಕೊಂಡು ಮೇಡಮ್ಮನ ಕಡೆ ತಿರುಗಿದೆ.

“ಇನ್ನು ಹೊಲಿಸ್ಕೋತೀನಿ ಮೇಡಂ. ನಿಮ್ಮ ಊರಿಗೆ ಯಾವಾಗ ಬರಲಿ ಹೇಳಿ.”